ಗಂಗಣ್ಣ ಬೈದರೆ ಆನೆ ಇದೆ

ಚೆಟ್ಟಳ್ಳಿಯ ಗುರುಸಿದ್ದಮ್ಮ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕೂತು ಊರವರ ಕಾಗದ ವಿಂಗಡಿಸಿದವರು. ನಿವೃತ್ತಿಯಾದ ಮೇಲೆ ಊರವರ ಬೈಗುಳ ವಿಂಗಡಿಸತೊಡಗಿದರು. ಆನೆ ಎಲ್ಲಿದೆಯೆಂದು ತಿಳಿಸುವ ಟೆಲಿಗ್ರಾಂ ಗ್ರೂಪಿಗೆ ಅವರೇ ಅಡ್ಮಿನ್. ಬೆಳಿಗ್ಗೆ ಐದೂವರೆಗೆ ಕಾಫಿ ಲೋಟ ಹಿಡಿದು ಕೂತು, ಬಂದದ್ದನ್ನೆಲ್ಲ ಓದಿ, ಕೆಟ್ಟ ಮಾತನ್ನು ಅಳಿಸಿ, ಉಳಿದದ್ದನ್ನು ತಾವೇ ಬರೆದು ಹಾಕುತ್ತಿದ್ದರು.

ಅಳಿಸಿ ಅಳಿಸಿ ಅವರಿಗೆ ಒಂದು ವಿಷಯ ಗೊತ್ತಾಗಿತ್ತು. ಹಾಲಿನ ಗಂಗಣ್ಣ, ಯಾರೋ ಹೇಳಿದ ಸುದ್ದಿಯಾದರೆ 'ಆನೆ ಇದೆಯಂತೆ' ಎಂದು ಸಭ್ಯವಾಗಿ ಬರೆಯುತ್ತಾನೆ. ಕಣ್ಣಾರೆ ಕಂಡಿದ್ದರೆ ಆನೆಯ ಅಮ್ಮ, ಅಜ್ಜಿ ಯಾರನ್ನೂ ಬಿಡುವುದಿಲ್ಲ. ಅವರು ಅಳಿಸುವ ಮೊದಲೇ ಓದಿಬಿಡುತ್ತಿದ್ದ, ತೋಟಕ್ಕೆ ಆಳು ಸಾಗಿಸುವ ಜೀಪಿನ ಡ್ರೈವರುಗಳಿಗೂ ಇದು ಗೊತ್ತಿತ್ತು.

ಡಿಸೆಂಬರಿನಲ್ಲಿ ಪಕ್ಕದ ಮನೆಯ ಚೇತನ್‌ಕುಮಾರ್ ಗ್ರೂಪಿಗೊಂದು ಬಾಟ್ ಸೇರಿಸಿದ. ಬೈಗುಳ ಕಂಡರೆ ಅದು ಅಳಿಸುತ್ತದೆ. ಬೈದವನು ಒಂದು ದಿನ ಏನೂ ಬರೆಯುವಂತಿಲ್ಲ.

"ನೀವಿನ್ನು ಆರಾಮಾಗಿರಿ ಆಂಟಿ, ಮಶೀನೇ ನೋಡ್ಕೊಳತ್ತೆ" ಎಂದ. ಗುರುಸಿದ್ದಮ್ಮನಿಗೆ ಆರಾಮದ ಅಭ್ಯಾಸವಿರಲಿಲ್ಲ.

ನಾಲ್ಕನೆಯ ದಿನ ಗ್ರೂಪು ಬಹಳ ಶುದ್ಧವಾಗಿತ್ತು. ಹದಿನಾಲ್ಕು ಶುಭೋದಯ, ಒಂದು ಗುಲಾಬಿ, ಯಾರದೋ 'ರಸ್ತೆ ಕ್ಲಿಯರ್ ಇದೆಯಂತೆ'. ಗಂಗಣ್ಣನದು ಮಾತ್ರ ಇಲ್ಲ. ಗಂಟೆ ಏಳು, ಕಾಫಿ ಹಣ್ಣಿನ ಪಿಕಿಂಗಿಗೆ ಹೆಂಗಸರನ್ನು ತುಂಬಿಕೊಂಡು ಡ್ರೈವರ್ ಮಿಲನ್ ಜೀಪು ಹೊರಡಿಸಿರುತ್ತಾನೆ. ಅವರಲ್ಲೊಬ್ಬಳಾದ ಸಣ್ಣಿ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾಳೆ. ಹೋದ ವರ್ಷ ಆನೆ ಸಣ್ಣಿಯ ಅಕ್ಕನನ್ನು ತುಳಿದಿತ್ತು. ಗುರುಸಿದ್ದಮ್ಮನಿಗೆ ಭಯವಾಯಿತು. ಗಂಗಣ್ಣನಿಗೆ ಫೋನ್ ಮಾಡಿದರು.

"ಮೂರಿದಾವೆ ಅಮ್ಮ, ದೇವರಕಾಡು ತಿರುವಲ್ಲಿ. ಬರ್ದೆ, ಅಳಿಸ್ಬಿಡ್ತು. ಈಗ ಬರೆಯಕ್ಕೇ ಬಿಡ್ತಿಲ್ಲ."

"ಸ್ವಲ್ಪ ಮರ್ಯಾದೆಯಾಗಿ ಬರಿಬಾರ್ದಾ ಗಂಗಣ್ಣ?"

"ಆನೆ ಮುಂದೆ ನಿಂತ್ಕೊಂಡು ಮರ್ಯಾದೆ ಎಲ್ಲಿಂದ ತರ್ಲಿ?"

"ಏನಂತ ಬರ್ದಿದ್ದೆ?"

ಗಂಗಣ್ಣ ಸಂಕೋಚಪಡುತ್ತಲೇ ಪೂರ್ತಿ ಹೇಳಿದ.

ಜೀಪು ಹಾಯುವುದು ಆ ತಿರುವಿನಲ್ಲೇ; ಅವರು ಕೂಡಲೇ ಮಿಲನ್‌ಗೆ ಫೋನ್ ಮಾಡಿದರು. ಜೀಪಿನ ಸದ್ದಿನ ನಡುವೆ ಅವನ ದನಿ ಕೇಳಿಸಿತು.

"ಗ್ರೂಪಲ್ಲಿ ಕ್ಲಿಯರ್ ಅಂತಿದೆಯಲ್ಲ ಅಮ್ಮ. ತೋಟದ ಲೆಕ್ಕ ಬರಿಯೋ ರೈಟರ್ ಬೇರೆ ಲೇಟಾಯ್ತು ಅಂತ ಬೈತಾವ್ರೆ."

"ಗಂಗಣ್ಣ ನೋಡಿದಾನಂತೆ ಕಣಪ್ಪ, ತಿರುವಲ್ಲಿ."

"ನೋಡಿದಾನೋ, ಯಾರಾದ್ರೂ ಹೇಳಿದ್ದೋ? ಏನಂದ?"

ಗುರುಸಿದ್ದಮ್ಮ ಒಮ್ಮೆ ದೇವರ ಫೋಟೊ ಕಡೆ ನೋಡಿ, ಅದಕ್ಕೆ ಬೆನ್ನು ಮಾಡಿ ನಿಂತರು. ಆಮೇಲೆ ಗಂಗಣ್ಣ ಅಂದದ್ದನ್ನು, ಆನೆಯ ಅಜ್ಜಿಯವರೆಗೂ, ಒಂದಕ್ಷರ ಬಿಡದೆ ಹೇಳಿದರು.

ಮಿಲನ್ ಬ್ರೇಕ್ ಒತ್ತಿದ.