ದೊಡ್ಡಮ್ಮನ ಕ್ಷಮಾಪಣೆ ಬರೆದವನು ನಾನು

ನಮ್ಮ ದೊಡ್ಡಮ್ಮ ಕ್ಷಮೆ ಕೇಳಿದ ವಿಡಿಯೊ ಈಗಲೂ ಎಷ್ಟೋ ಜನರ ಮೊಬೈಲಿನಲ್ಲಿ ಉಳಿದಿರಬೇಕು. ಅದರಲ್ಲಿ ಆಕೆ ಹೇಳುವ ನಾಲ್ಕು ವಾಕ್ಯಗಳನ್ನು ಬರೆದುಕೊಟ್ಟವನು ನಾನು. ರಾಮನಗರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಾಗಾಗಿ ಲಗ್ನಪತ್ರಿಕೆಯಿಂದ ತಿಥಿ ಕಾರ್ಡಿನವರೆಗೆ, ನಮ್ಮ ವಂಶದಲ್ಲಿ ಯಾರಿಗೆ ಅಕ್ಷರ ಬೇಕಾದರೂ ನನಗೇ ಫೋನು. ನಾನು ಇದುವರೆಗೆ ಬರೆದದ್ದರಲ್ಲಿ ಒಂದು ತಪ್ಪೂ ಇಲ್ಲದ, ಒಂದು ನಿಜವೂ ಇಲ್ಲದ ಬರಹ ಅದೊಂದೇ.

ದೊಡ್ಡಮ್ಮ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ. ಚನ್ನಪಟ್ಟಣದ ಹತ್ತಿರ ಅಕ್ಕೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆಹುಳು ಸಾಕಿ ಎಪ್ಪತ್ತು ದಾಟಿದವಳು. ಓದು ಬರಹ ಇಲ್ಲ. ಆದರೆ ಬೀಗರ ಔತಣದಲ್ಲಿ ಆಕೆ ಇದ್ದಾಳೆಂದರೆ ಎದುರು ಪಾರ್ಟಿಯವರು ತಯಾರಾಗಿಯೇ ಬರಬೇಕು. ನಮ್ಮ ಕಡೆ ಮದುವೆ ಮುಗಿದ ಮೇಲೆ ಎರಡೂ ಕಡೆಯವರು ಸೇರಿ ಬಾಡೂಟ ಉಣ್ಣುತ್ತಾರಲ್ಲ, ಉಂಡಾದ ಮೇಲೆ ಹೆಂಗಸರು ಚಾಪೆ ಹಾಸಿ, ನಡುವೆ ತಾಂಬೂಲದ ತಟ್ಟೆ ಇಟ್ಟು, ಎದುರುಬದುರು ಕೂತು ಹಾಡಿನಲ್ಲಿ ಬೈದಾಡುತ್ತಾರೆ. ಅದಕ್ಕೊಂದು ಕಟ್ಟಳೆ ಇದೆ. ಬೈಸಿಕೊಂಡವಳು ಎದ್ದು ಹೋಗುವಂತಿಲ್ಲ, ಹಾಡಿನಲ್ಲೇ ಜವಾಬು ಕೊಡಬೇಕು. ಕೊಡದಿದ್ದರೆ ಸೋತಂತೆ. ಕೊನೆಗೆ ಬೈದವಳೇ ವೀಳ್ಯದೆಲೆ ಮಡಿಸಿ ಬೈಸಿಕೊಂಡವಳ ಬಾಯಿಗಿಡಬೇಕು. ಅಷ್ಟಾದರೆ ಲೆಕ್ಕ ಚುಕ್ತಾ. ನನ್ನ ಸೋದರತ್ತೆಯೊಬ್ಬಳು ಒಂದು ಔತಣದಲ್ಲಿ 'ನನ್ನ ಮ್ಯಾಲೆ ಒಂದ್ ಸೊಲ್ಲೂ ಅನ್ಲಿಲ್ವಲ್ಲ' ಎಂದು ಮುನಿದು ಮೂರು ವರ್ಷ ಮಾತು ಬಿಟ್ಟಿದ್ದಳು.

ದೊಡ್ಡಮ್ಮನ ಮೊಮ್ಮಗಳನ್ನು ಕನಕಪುರದ ಆಚೆ ಕೋಡಿಹಳ್ಳಿ ಕಡೆಗೆ ಕೊಟ್ಟೆವು. ಔತಣ ಅಕ್ಕೂರಿನಲ್ಲಾಯಿತು. ಗಂಡಿನ ತಾಯಿ, ಅಂದರೆ ಬೀಗಿತಿ, ದಪ್ಪಗೆ ಕಪ್ಪಗೆ ಗಟ್ಟಿಮುಟ್ಟಾದ ಹೆಂಗಸು. ದೊಡ್ಡಮ್ಮ ಆಕೆಯನ್ನು ನೋಡಿ ಬಾಯಿ ಒರೆಸಿಕೊಂಡು ಶುರು ಮಾಡಿದಳು:

ಬೆಳ್ಳಾನೆ ಬೀಗಿತಿ ಬಂದಾಳು ಅಂತ ಬಾಗಿಲು ತೆಗೆದೆವೆ
ಕಾರೆಮ್ಮೆ ನುಗ್ಗಿ ಕಲಗಚ್ಚು ಕುಡಿದು ಕೊಂಬಾಡಿಸಿತಲ್ಲೆ

ಚಾಪೆ ಪೂರ್ತಿ ನಕ್ಕಿತು. ಬೀಗಿತಿ ಸೆರಗು ಸಿಕ್ಕಿಸಿಕೊಂಡು ತಿರುಗಿಸಿ ಹೊಡೆದಳು:

ಎಮ್ಮೆಯಾದರೆ ಹಾಲು ಕರೆದೇನು, ನೀ ಗೊಂತಿನ ಒಣಗೂಟ
ನಿಮ್ಮನೆ ಮಜ್ಜಿಗೆ ನೀರಲಿ ಬೀಗರು ಮೀಸೆ ತಿದ್ದಿಕೊಂಡರಲ್ಲೆ

ನಮ್ಮ ಮನೆಯ ಮಜ್ಜಿಗೆ ಕನ್ನಡಿಯ ಹಾಗೆ ತೆಳ್ಳಗಿತ್ತು ಎಂಬುದು ಸತ್ಯವೇ ಆದ್ದರಿಂದ ನಾನೂ ನಕ್ಕೆ. ದೊಡ್ಡಮ್ಮ ಸೋಲೊಪ್ಪಿ ಎಲೆ ಮಡಿಸಿ ಆಕೆಯ ಬಾಯಿಗಿಟ್ಟಳು. ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು.

ಗಂಡಿನ ಕಡೆಯ ಯಾರೋ ಇದನ್ನು ಮೊಬೈಲಿನಲ್ಲಿ ತೆಗೆದು ಸ್ಟೇಟಸ್ಸಿಗೆ ಹಾಕಿದರು. ಅದರಲ್ಲಿ ಇದ್ದದ್ದು ದೊಡ್ಡಮ್ಮನ ಸಾಲು ಮಾತ್ರ. ಬೀಗಿತಿಯ ಜವಾಬು ಕತ್ತರಿಸಿಹೋಗಿತ್ತು, ವೀಳ್ಯದೆಲೆಯೂ ಅದರ ಜೊತೆಗೇ ಹೋಗಿತ್ತು. ಆ ತುಂಡು ಎರಡು ದಿನದಲ್ಲಿ ಎಲ್ಲೆಲ್ಲೋ ಓಡಾಡಿತು. ಒಂದು ಗುಂಪು ಇದು ವರ್ಣಭೇದ, ಹೆಣ್ಣಿನ ದೇಹದ ಅಪಮಾನ ಎಂದಿತು. ಇನ್ನೊಂದು ಗುಂಪು ಕುಲದ ಮಾನ ಹೋಯಿತು ಎಂದಿತು. ಜನ್ಮದಲ್ಲಿ ಒಂದು ಜಗಲಿ ಮೇಲೆ ಕೂರದ ಈ ಎರಡು ಜಾತಿಯ ಜನ ನಮ್ಮ ದೊಡ್ಡಮ್ಮನ ವಿಷಯದಲ್ಲಿ ಒಂದಾದರು. ದೇಶದ ಐಕ್ಯತೆಗೆ ಆಕೆ ಇಷ್ಟಾದರೂ ಮಾಡಿದಳು.

ನನ್ನ ಸ್ವಭಾವ ಇಲ್ಲಿ ಹೇಳಬೇಕು. ಶಾಲೆಯ ವಾಟ್ಸಾಪಿನಲ್ಲಿ 'ಶುಭೋದಯ' ಎಂದು ಹಾಕುವ ಮುಂಚೆ ಎರಡು ಸಲ ಓದಿಕೊಳ್ಳುವವನು ನಾನು. ಅದೇ ಗುಂಪಿನಲ್ಲಿ ಒಬ್ಬ ಮಹನೀಯರು ಮೀಸಲಾತಿಯಲ್ಲಿ ಬಂದ ಮಕ್ಕಳ ಬಗ್ಗೆ ಹೊಲಸು ಜೋಕು ಹಾಕಿದ್ದಾರೆ. ಗಂಡ ಬಿಟ್ಟ ಹೆಂಗಸರ ಬಗ್ಗೆ ಹಾಕಿದ್ದಾರೆ. ನಾನು ಒಂದಕ್ಕೂ ಎದುರು ಹೇಳಿಲ್ಲ. ಒಂದು ಸಲ ಬೆರಳು ಜಾರಿ ನಗುವ ಚಿತ್ರವೂ ಬಿತ್ತು, ಅದನ್ನು ಅಳಿಸಿದರೆ ಎದ್ದು ಕಾಣುತ್ತದೆಂದು ಹೆದರಿ ಹಾಗೇ ಬಿಟ್ಟೆ. ಅದೇ ಮಹನೀಯರು ದೊಡ್ಡಮ್ಮನ ವಿಡಿಯೊ ಹಾಕಿ 'ಹಳ್ಳಿಗರಲ್ಲಿ ಸಂಸ್ಕಾರದ ಕೊರತೆ' ಎಂದು ಬರೆದರು. ನನ್ನ ಮೈ ಉರಿದುಹೋಯಿತು. ಮೈ ಉರಿದುಕೊಂಡೇ ಸುಮ್ಮನಿದ್ದೆ.

ಬಣ್ಣ ಹಿಡಿದು ಆಡಿಕೊಳ್ಳುವುದು ಒಳ್ಳೆಯದೆಂದು ನಾನು ಹೇಳುವುದಿಲ್ಲ. ನನ್ನ ಮಗಳೂ ಕಪ್ಪು. ಶಾಲೆಯಲ್ಲಿ ಯಾರೋ ಅಂದದ್ದಕ್ಕೆ ಅವಳು ಅತ್ತದ್ದು ನನಗೆ ಮರೆತಿಲ್ಲ. ಮಾತಿಗೆ ಮಿತಿ ಬೇಕು. ಆದರೆ ಆ ಮಿತಿ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ ಎಂದವರ ಮೇಲೆ ನನಗೆ ತಡೆಯಲಾರದ ಸಿಟ್ಟು. ಹಿಂದೆ ಆಕೆಯ ಹಾಡಿನಲ್ಲಿ ಕೇರಿಯವರನ್ನು ಹಳಿಯುವ ಸಾಲೊಂದಿತ್ತು. ನಾನು ಚಿಕ್ಕವನಿದ್ದಾಗ ಕೇಳಿದ್ದೇನೆ. ಜೊತೆಯಲ್ಲಿ ಸೊಪ್ಪು ಕೊಯ್ಯುತ್ತಿದ್ದ ಕೇರಿಯ ಹೆಂಗಸೊಬ್ಬಳು ಒಂದು ದಿನ ತೋಟದಲ್ಲಿ, 'ಅಕ್ಕಾ, ಮಿಕ್ಕಿದ್ದೆಲ್ಲಾ ಹಾಡು. ಅದೊಂದ್ ಬ್ಯಾಡ ಕಣಕ್ಕಾ, ನನ್ನೈಕ್ಳು ಕೇಳುಸ್ಕತವೆ' ಎಂದಳು. ದೊಡ್ಡಮ್ಮ ಕುಡುಗೋಲು ಕೆಳಗಿಟ್ಟು ಆಗಲಿ ಎಂದಳಂತೆ. ಆ ಸಾಲನ್ನು ಮತ್ತೆ ಹಾಡಲಿಲ್ಲ. ಯಾರೂ ವಿಡಿಯೊ ಕೇಳಲಿಲ್ಲ. ನೋವಾದವಳು ಮುಖ ನೋಡಿ ಹೇಳಿದಳು, ನೋವು ಮಾಡಿದವಳು ಕೇಳಿದಳು.

ಈ ಸಲ ಬೀಗಿತಿಗೆ ನೋವಾಯಿತೇ ಎಂದು ಬೀಗಿತಿಯನ್ನು ಯಾರೂ ಕೇಳಲಿಲ್ಲ. ಆಕೆಯ ತಮ್ಮ, ಅಂದರೆ ಗಂಡಿನ ಸೋದರಮಾವ, ಯಾವುದೋ ಸಂಘದ ಪದಾಧಿಕಾರಿ. ನಾನು ಅಣ್ಣ ಎನ್ನುವ ದೊಡ್ಡಮ್ಮನ ಮಗನಿಗೆ ಫೋನು ಮಾಡಿದ. 'ನಿಮ್ಮವ್ವ ವಿಡಿಯೋದಲ್ಲಿ ಕ್ಷಮೆ ಕೇಳ್ಬೇಕು. ಇಲ್ಲಾಂದ್ರೆ ಸ್ಟೇಷನ್ನಿಗೆ ಕೊಡ್ತೀವಿ. ಹುಡುಗಿನ ಹಬ್ಬಕ್ಕೆ ಕರಿಯಕ್ಕೂ ಬರಬ್ಯಾಡಿ' ಎಂದ. ಮೊಮ್ಮಗಳು ಆ ಮನೆಗೆ ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಣ್ಣ ನನಗೆ ಫೋನು ಮಾಡಿ 'ಒಸಿ ನೀಟಾಗ್ ಬರ್ಕೊಡ್ಲಾ' ಎಂದ. ನಾನು ನೀಟಾಗಿಯೇ ಬರೆದೆ. 'ನನ್ನ ಅಜ್ಞಾನದಿಂದ' ಎಂದು ಶುರು ಮಾಡಿ 'ಪುನರಾವರ್ತನೆಯಾಗದಂತೆ ಎಚ್ಚರ ವಹಿಸುತ್ತೇನೆ' ಎಂದು ಮುಗಿಸಿದೆ. ಮೂರು ಸಲ ತಿದ್ದಿದೆ. ಓದಿ ನೋಡಿ ಮೆಚ್ಚಿಕೊಂಡೆ ಕೂಡ.

ಒಂದು ಭಾನುವಾರ ಬೆಳಿಗ್ಗೆ ಅಣ್ಣ, ದೊಡ್ಡಮ್ಮ, ನಾನು ಕೋಡಿಹಳ್ಳಿಗೆ ಹೋದೆವು. ಹಜಾರದಲ್ಲಿ ಸೋದರಮಾವ, ನಾಲ್ಕೈದು ಗಂಡಸರು. ಹೆಂಗಸರನ್ನು ಅಡುಗೆಮನೆಗೆ ಕಳಿಸಿದ್ದರು. ಹೆಂಗಸಿನ ಮಾನದ ವಿಚಾರ ನೋಡಿ, ಅಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ನಾನು ಒಂದೊಂದೇ ಸಾಲು ಓದುವುದು, ದೊಡ್ಡಮ್ಮ ಕೇಳಿಕೊಂಡು ಅದನ್ನೇ ಹೇಳುವುದು ಎಂದಾಯಿತು.

'ನನ್ನ ಅಜ್ಞಾನದಿಂದ' ಎಂದೆ.

ದೊಡ್ಡಮ್ಮ ನನ್ನ ಮುಖ ನೋಡಿದಳು. 'ಇದ್ನ ನೀನೇ ಬರುದ್ಯೇನ್ಲಾ?'

'ಊಂ ದೊಡ್ಡವ್ವ.'

'ಸರಿ, ಯೋಳು ಮುಂದುಕ್ಕೆ.'

ಅಷ್ಟರಲ್ಲಿ ಬೀಗಿತಿ ಕೈಯಲ್ಲಿ ಸೌಟು ಹಿಡಿದೇ ಬಂದಳು. 'ನಿಲ್ಸ್ರಪ್ಪೋ! ಅವಳ ತಾವ ಎಂಥ ಕ್ಷಮೆ ಕೇಳುಸ್ತೀರಾ? ನಾನು ಅವಳ್ನ ಒಣಗೂಟ ಅಂದ್ನಲ್ಲ, ನನ್ ಜವಾಬೆಲ್ಲಿ? ಊರ್ಗೆಲ್ಲಾ ನಾನು ಬಾಯಿಲ್ದೆ ಕೂತೋಳಂಗೆ, ಸೋತೋಳಂಗೆ ತೋರ್ಸವ್ರೆ. ಮಾನ ಹೋಗಿರೋದು ಅದ್ರಿಂದ. ಅದ್ನ ಕತ್ತರಿಸ್ದೋನು ಯಾವನು, ಮೊದ್ಲು ಅವನ್ನ ಕರೀರಿ!'

'ಅಕ್ಕಾ, ನಿಂಗಿದೆಲ್ಲಾ ಗೊತ್ತಾಗಕಿಲ್ಲ, ಒಳಗ್ ನಡಿ' ಎಂದ ತಮ್ಮ.

'ಬೈಸ್ಕೊಂಡೋಳು ನಾನು ಕಣ್ಲಾ, ನಂಗೆ ಗೊತ್ತಾಗ್ದೆ ನಿಂಗ್ ಗೊತ್ತಾದದಾ?'

ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಇದ್ದ ಒಂದೇ ನ್ಯಾಯವಾದ ಮಾತು ಅದು. ಆಕೆಯ ಜೊತೆ ನಿಲ್ಲಬಹುದಾಗಿದ್ದವನು, ನಾಲ್ಕು ಅಕ್ಷರ ಕಲಿತವನು, ನಾನೊಬ್ಬನೇ. ನಾನು ಕಾಗದದ ಅಂಚನ್ನು ಮಡಿಸುತ್ತ ನಿಂತಿದ್ದೆ. ಇಬ್ಬರು ಆಕೆಯನ್ನು ಸಮಾಧಾನ ಮಾಡುವಂತೆ ಒಳಗೆ ಕರೆದುಕೊಂಡು ಹೋದರು. ಕ್ಯಾಮೆರಾ ಮತ್ತೆ ಶುರುವಾಯಿತು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳನ್ನು ಒಮ್ಮೆ ನೋಡಿ ದೊಡ್ಡಮ್ಮ ನಾಲ್ಕೂ ಸಾಲು ಹೇಳಿ ಮುಗಿಸಿದಳು.

ಆಮೇಲೆ ಆಕೆ ಹಾಡುವುದನ್ನೇ ಬಿಟ್ಟಳು. ನೆಂಟರ ಮನೆಯ ಎರಡು ಔತಣಗಳಲ್ಲಿ ಆಕೆ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಳು. ಚಾಪೆಯ ಜಾಗದಲ್ಲಿ ಸ್ಪೀಕರ್ ಬಂತು. ಅದರಿಂದ ಯಾರ ಭಾವನೆಗೂ ಧಕ್ಕೆಯಾಗಲಿಲ್ಲ, ಕಿವಿಗೆ ಆಯಿತಷ್ಟೆ.

ಮೊಮ್ಮಗಳು ಬಸುರಿಯಾಗಿ, ಬಳೆ ತೊಡಿಸುವ ಶಾಸ್ತ್ರ ಅಕ್ಕೂರಿನಲ್ಲಿ ಆಯಿತು. ಉಂಡ ಮೇಲೆ ಬೀಗಿತಿ ತಾನೇ ಚಾಪೆ ಎಳೆದು ಹಾಸಿ, ತಾಂಬೂಲದ ತಟ್ಟೆ ತಂದಿಟ್ಟು, ಅಡಿಕೆ ಕತ್ತರಿಸುತ್ತಿದ್ದ ದೊಡ್ಡಮ್ಮನ ಎದುರು ಕೂತಳು. ಸೋದರಮಾವನೂ ಅಲ್ಲೇ ಕುರ್ಚಿಯಲ್ಲಿದ್ದ. ಬೀಗಿತಿ ಎರಡು ಸಾಲು ಹಾಡಿದಳು. ದೊಡ್ಡಮ್ಮನ ಹಲ್ಲಿನ ಮೇಲೆ, ಮುದ್ದೆಯ ಗಾತ್ರದ ಮೇಲೆ. ಹಾಡಿ ಕಾದಳು.

'ಜವಾಬು ಕೊಡವ್ವಾ' ಎಂದಳು ಬೀಗಿತಿ.

ದೊಡ್ಡಮ್ಮ ಗಲ್ಲ ಎತ್ತಿ ನನ್ನ ಕಡೆ ತೋರಿಸಿದಳು. 'ಅಗಾ, ಅಲ್ಲಿ ಕೂತವ್ನಲ್ಲಾ ಮೇಷ್ಟ್ರು. ಅವ ಬರ್ಕೊಡ್ಲಿ, ನೋಡ್ಕಂಡು ಯೋಳ್ತೀನಿ. ಆಗ ತಪ್ಪಾಗಕಿಲ್ಲ.'

ಯಾರೋ ಕಿಸಕ್ಕೆಂದರು. ನನ್ನ ಜೇಬಿನಲ್ಲಿ ಪೆನ್ನಿತ್ತು. ಯಾವಾಗಲೂ ಇರುತ್ತದೆ. ಸುತ್ತ ಆಗಲೇ ಮೂರು ಮೊಬೈಲು ಮೇಲೆದ್ದಿದ್ದವು. ಮೊದಲು ಹೊಳೆದದ್ದು, ನಾಳೆ ಶಾಲೆಯ ಗುಂಪಿನಲ್ಲಿ ಆ ಮಹನೀಯರು ಏನು ಬರೆಯುತ್ತಾರೆ ಎಂಬುದು. ಆಮೇಲೆ ಆ ಹಜಾರ ನೆನಪಾಯಿತು, ಸೌಟು ಹಿಡಿದವಳನ್ನು ಒಳಗೆ ತಳ್ಳಿದ್ದು ನೆನಪಾಯಿತು. ಈ ಸಲ ಕೇಳುತ್ತಿರುವವಳು ಬೈಸಿಕೊಂಡವಳೇ, ಚಾಪೆ ಹಾಸಿದವಳೂ ಅವಳೇ. ಇನ್ನು ಯಾರ ಅಪ್ಪಣೆ ಬೇಕು?

ನಾನು ಎದ್ದು ನಿಂತು ಬಾಯಿ ತೆರೆದೆ. 'ಬೆಳ್ಳಾನೆ ಬೀಗಿತಿ ಬಂದಾಳು ಅಂತ...' ಅರ್ಧ ಸಾಲಿಗೇ ರಾಗ ತಪ್ಪಿ ನಿಂತಿತು. ಗಂಡಸರು ಈ ಹಾಡು ಹಾಡುವುದಿಲ್ಲ. ಚಾಪೆಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

'ಥೂ, ನಿನ್ ಬಾಯ್ಗೆ ಬೆಂಕಿ ಬೀಳ! ರಾಗಾನೇ ಕೆಡಿಸ್ಬುಟ್ಟಲ್ಲಾ' ಎಂದಳು ದೊಡ್ಡಮ್ಮ. 'ಕೂತ್ಕೊ ಅತ್ಲಾಗೆ.'

ಅಡಕತ್ತರಿ ಪಕ್ಕಕ್ಕಿಟ್ಟು, ಬಾಯಿ ಒರೆಸಿಕೊಂಡು, ಬೀಗಿತಿಯ ಮುಖವನ್ನೇ ನೋಡುತ್ತ ಆಕೆ ಶುರು ಮಾಡಿದಳು. ಎಮ್ಮೆ ಇರಲಿಲ್ಲ. ಸೊಸೆಯ ಬಸುರಿಗೆ ತಾನೇ ಎರಡಾಳಿನ ಊಟ ಉಂಡ ಅತ್ತೆಯ ಹಾಡು, ಹೊಚ್ಚ ಹೊಸತು. ಇಷ್ಟು ದಿನ ಮೂಲೆಯಲ್ಲಿ ಕೂತು ಆಕೆ ಬರೀ ಅಡಿಕೆ ಕತ್ತರಿಸುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ಸೋದರಮಾವ ಕುರ್ಚಿಯಿಂದ ಎದ್ದ. ಬೀಗಿತಿ ಅವನ ಕಡೆ ತಿರುಗಿಯೂ ನೋಡದೆ, ಜವಾಬಿಗೆ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು.

'ತೆಗಿಯೋದಾದ್ರೆ ಜವಾಬನ್ನೂ ಪೂರ್ತಿ ತೆಗೀರಿ, ವೀಳ್ಯದೆಲೆ ಇಡೋವರೆಗೂ ತೆಗೀರಿ!' ಎಂದು ಆ ಮೊಬೈಲುಗಳಿಗೆ ನಾನು ಕೂಗಿದೆ. ಕೂಗಿದೆ ಎಂದೇ ನಾನು ತಿಳಿದಿದ್ದೆ. ಪಕ್ಕದಲ್ಲಿದ್ದ ಅಣ್ಣನಿಗೆ ಮಾತ್ರ ಕೇಳಿಸಿತಂತೆ.