ಮಗುಚಿ ಹೊಲಿದ ಕೋಟು

ಹಾಸನದಿಂದ ಹೊಳೆನರಸೀಪುರಕ್ಕೆ ಇಪ್ಪತ್ತು ಮೈಲಿ, ಹತ್ತಾಣೆ ಟಿಕೇಟು. ಬೆಳಗಿನ ಎಂಟೂವರೆ ಬಸ್ಸಿಗೆ ನಾನೊಬ್ಬಳೇ ಹೊರಟೆ. ಆಷಾಢದ ಸೋನೆ ಹಿಡಿದಿತ್ತು. ಕೈಚೀಲದಲ್ಲಿ ದರ್ಜಿ ಅಂಗಡಿಯ ಚೀಟಿಯೊಂದಿತ್ತು: ‘ಫ್ಲಾನಲ್ ಕೋಟು, ಒಂದು.’ ಅಪ್ಪನ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿದ್ದು.

ಅಪ್ಪ ಹೊಳೆನರಸೀಪುರದಲ್ಲಿ ಮೇಷ್ಟರಾಗಿದ್ದರು. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಬಟ್ಟೆಗಳನ್ನೆಲ್ಲ ಚಿಕ್ಕಪ್ಪ ಪದ್ಧತಿಯಂತೆ ಅಗಸನಿಗೆ ಕೊಟ್ಟುಬಿಟ್ಟಿದ್ದರು. ಬೇಡವೆಂದು ನಾನು ಹೇಳಲಿಲ್ಲ. ಹೇಳಬಹುದೆಂದು ಆಗ ತೋಚಲೂ ಇಲ್ಲ. ಉಳಿದಿದ್ದರೆ ಆ ಕಂದು ಕೋಟೊಂದೇ. ಅದರ ಎದೆಯ ಬಳಿ ಪೆನ್ನು ಸೋರಿದ ನೀಲಿ ಕಲೆಯಿತ್ತು. ಚಿಕ್ಕವಳಿದ್ದಾಗ ನಿಂಬೆಹಣ್ಣು ತಿಕ್ಕಿ ಅದನ್ನು ಇನ್ನಷ್ಟು ಹರಡಿದವಳು ನಾನು.

ಮೊಸಳೆಹೊಸಹಳ್ಳಿಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಉಪ್ಪಿಟ್ಟು ಆರಿತ್ತು, ಕಾಫಿ ಮಾತ್ರ ಕುಡಿದೆ. ರಸ್ತೆಯಾಚೆ ಹೊಲದಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡ ನಾಲ್ಕೈದು ಜನ ಬಗ್ಗಿ ಕೆಲಸ ಮಾಡುತ್ತಿದ್ದರು. ತಲೆಯಿಂದ ಮೊಣಕಾಲವರೆಗೂ ಕಂಬಳಿಯೇ. ಗಂಡಸರೋ ಹೆಂಗಸರೋ ತಿಳಿಯುತ್ತಿರಲಿಲ್ಲ. ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು ನಗುತ್ತಿದ್ದರು. ಬಸ್ಸು ಹೊರಡುವವರೆಗೂ ಅವರನ್ನೇ ನೋಡಿದೆ.

ಅಂಗಡಿ ಪೇಟೆಬೀದಿಯಲ್ಲಿತ್ತು. ಮುದುಕ ದರ್ಜಿ ಚೀಟಿ ಓದಿ, ನಾನು ಯಾರೆಂದು ಕೇಳಿ, ಗೋಡೆಯ ಮೊಳೆಯತ್ತ ತಿರುಗಿದ. ಬೆಂಚಿನ ಮೇಲಿದ್ದ ದಪ್ಪನೆಯ ಗಿರಾಕಿಯೇ ಮೊದಲು ಮಾತಾಡಿದ.

“ಆ ಕೋಟು ನಂಗಾದ್ರೂ ಕೊಡ್ಲಾ ಅಂತ ಕೇಳ್ತಾನೇ ಇವ್ನಿ ಕಣವ್ವಾ. ಮೊಳೆಗೆ ನೇತಾಕ್ಕಂಡು ಕಾಯ್ತಾ ಕುಂತವ್ನೆ.”

“ನಿನ್ ವಟ್ಟೆಗೆ ಅದ್ರ ಗುಂಡಿ ಸೇರಾಕಿಲ್ಲ, ಸುಮ್ಕಿರ್ಲಾ,” ಎಂದ ದರ್ಜಿ.

ಅವನು ಇಳಿಸಿಕೊಟ್ಟ ಕೋಟು ಗಾಢ ಕಂದು, ಹೊಸದರಂತಿತ್ತು. ಎದೆಯ ಜೇಬು ಎಡಕ್ಕಿರದೆ ಬಲಕ್ಕಿತ್ತು. ಕಲೆ ಇರಲಿಲ್ಲ. ಇದು ನಮ್ಮಪ್ಪನದಲ್ಲ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಬಣ್ಣ ಮಾಸಿತೆಂದು, ಹೊಲಿಗೆಯೆಲ್ಲ ಬಿಚ್ಚಿ ಬಟ್ಟೆ ಮಗುಚಿ ಹೊಲಿಯಲು ಮೇಷ್ಟರೇ ಹೇಳಿದ್ದರಂತೆ. ಒಳಪದರಕ್ಕೆ ಅಸ್ತರಿ ಬೇಡವೆಂದಿದ್ದರಂತೆ.

“ಒಳಮೈ ನೋಡವ್ವಾ. ನಿಮ್ಮಪ್ಪಾರು ಆಕ್ಕತಿದ್ದ ಮೈ ಅಲ್ಲೈತೆ,” ಎಂದ ದರ್ಜಿ.

ತಿರುವಿ ನೋಡಿದೆ. ಮಾಸಿದ ಕಂದು. ಅದರ ಮೇಲೆ ಕಲೆ, ಕಲೆಯ ಸುತ್ತ ನಾನು ತಿಕ್ಕಿದ ಬಿಳಿಚಿದ ಅಂಚು. ಮಗುಚಿದಾಗ ಎಡದ ಕಲೆ ಬಲಕ್ಕೆ ಬಂದಿತ್ತು; ಬಟ್ಟೆಯ ಆಚೆಗೂ ಇಳಿದಿದ್ದ ಅದು ಕಾಣದಂತೆ ಹೊರಗಡೆ ಅದೇ ಜಾಗಕ್ಕೆ ಜೇಬು ಕೂರಿಸಿದ್ದ.

ಮಧ್ಯಾಹ್ನ ಮೂರರ ಬಸ್ಸಿಗೆ ವಾಪಸು ಹತ್ತಿದೆ. ಕಿಟಕಿಯ ಗಾಜು ಒಡೆದಿದ್ದರಿಂದ ಚಳಿಯಾಗಿ, ಸೀರೆಯ ಮೇಲೆ ಕೋಟು ಹಾಕಿಕೊಂಡೆ. ತೋಳು ಬೆರಳುಗಳನ್ನೂ ಮುಚ್ಚಿತು. ಪಕ್ಕದ ಸೀಟು ಹಾಸನದವರೆಗೂ ಖಾಲಿಯಿತ್ತು.

ಮನೆಯಲ್ಲಿ ಚಿಕ್ಕಪ್ಪ ಬಾಗಿಲು ತೆಗೆದು, ಹೊಸ ಕೋಟು ಕೊಂಡೆಯಾ ಎಂದು ಕೇಳಿದರು.

ಹೌದೆಂದೆ.