ಗಾಜಿನ ಬಾಗಿಲ ಪಕ್ಕದ ತುಳಸಿ

ಚಳಿಗಾಲಕ್ಕೆ ಕುಂಡಗಳನ್ನು ಮನೆಯೊಳಗೆ ತರುತ್ತೇನೆ ಎಂದರೆ ಬೆಂಗಳೂರಿನಲ್ಲಿರುವ ನನ್ನ ಅಕ್ಕ ನಗುತ್ತಾಳೆ. ಅವಳ ಮನಸ್ಸಿನಲ್ಲಿ ಸ್ಯಾನ್ ಡಿಯಾಗೋ ಎಂದರೆ ಸಮುದ್ರ, ಬಿಸಿಲು, ವರ್ಷವಿಡೀ ಚಡ್ಡಿ ಹಾಕಿಕೊಂಡು ಓಡಾಡುವ ಜನ. "ಅಲ್ಲೆಂಥ ಚಳಿಯೇ? ನಿನ್ನ ಗಿಡಗಳಿಗೆ ಸ್ವೆಟರ್ ಹೆಣೆದು ಕಳಿಸ್ಲಾ?" ಎಂದು ಒಮ್ಮೆ ಕೇಳಿದ್ದಳು. ಸಮುದ್ರದ ಪಕ್ಕದಲ್ಲಿರುವವರ ಮಟ್ಟಿಗೆ ಅವಳ ಮಾತು ನಿಜವೇ. ನಾವಿರುವುದು ಸಮುದ್ರದಿಂದ ಒಳಗೆ, ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ, ಇಳಿಜಾರಿನ ಬುಡದಲ್ಲಿ. ಡಿಸೆಂಬರಿನ ಕೆಲವು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಸಕ್ಕರೆ ಪುಡಿ ಉದುರಿಸಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಮಲ್ಲಿಗೆ ಹೇಗೋ ತಡೆದುಕೊಳ್ಳುತ್ತದೆ. ದೊಡ್ಡಪತ್ರೆ ಬೇಯಿಸಿದ ಸೊಪ್ಪಿನಂತಾಗುತ್ತದೆ. ತುಳಸಿ ಮಾತ್ರ ಒಂದೇ ರಾತ್ರಿಗೆ ಕಪ್ಪಾಗಿಬಿಡುತ್ತದೆ.

ಇದು ನನಗೆ ತಿಳಿದದ್ದು 2020ರಲ್ಲಿ. ಆ ವರ್ಷ ಎಲ್ಲರೂ ಮನೆಯಲ್ಲೇ. ಮಹಡಿಯ ಒಂದು ಕೋಣೆಯಲ್ಲಿ ನನ್ನ ಗಂಡನ ಆಫೀಸು, ಇನ್ನೊಂದರಲ್ಲಿ ಹೈಸ್ಕೂಲಿನಲ್ಲಿದ್ದ ಮಗಳ ಕ್ಲಾಸು, ಎರಡಕ್ಕೂ ಬಾಗಿಲು ಹಾಕಿರುತ್ತಿತ್ತು. ಯಾರನ್ನೂ ಕರೆಯುವಂತಿಲ್ಲದ ಆ ತುಳಸಿ ಹಬ್ಬವನ್ನು ಹಿತ್ತಲಿನಲ್ಲಿ ನಾವು ಮೂವರೇ ಮಾಡಿದೆವು. ಕುಂಡವನ್ನು ಅಲ್ಲೇ ಬಿಟ್ಟಿದ್ದೆ. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಸುಟ್ಟ ಕಾಗದದಂತೆ ಜೋತುಬಿದ್ದಿದ್ದವು. ಮಗಳು ಕಂಬಳಿ ಹೊದ್ದುಕೊಂಡೇ ಹೊರಗೆ ಬಂದಳು. ಒಣಗಿದ ತೆನೆಗಳನ್ನು ಅಂಗೈಯಲ್ಲಿ ಉಜ್ಜಿ, ಉಸಿರಿನಿಂದ ಹೊಟ್ಟು ಹಾರಿಸಿ, ಬೀಜಗಳನ್ನು ಒಂದು ಖಾಲಿ ಮೊಸರಿನ ಡಬ್ಬಿಗೆ ಹಾಕಿಟ್ಟಳು. ಬೇಸಿಗೆ ಬರುವ ಮೊದಲು ಅದೇ ಡಬ್ಬಿಯಲ್ಲಿ ಬಿತ್ತಿದಳು. ಈಗಿರುವ ತುಳಸಿ ಅವಳದೇ.

ಅಲ್ಲಿಂದ ಮುಂದೆ ಹಬ್ಬ ಮುಗಿದ ಮೇಲೆ ಗಿಡಗಳನ್ನು ಒಳಗೆ ತರುವುದು ನಮ್ಮ ಮನೆಯ ಇನ್ನೊಂದು ಹಬ್ಬವಾಯಿತು. ಎಲೆಗಳ ಅಡಿಗೆ ನೀರು ಸಿಂಪಡಿಸಿ ಹುಳು ತೊಳೆಯಬೇಕು. ಕುಂಡದ ತಳಕ್ಕೆ ಅಂಟಿಕೊಂಡ ಬಸವನಹುಳುವನ್ನು ಕಾಗದದ ಮೇಲೆ ಹತ್ತಿಸಿಕೊಂಡು ಬೇಲಿಯ ಹತ್ತಿರ ಬಿಟ್ಟು ಬರಬೇಕು. ಒಳ್ಳೆಯ ಬಿಸಿಲು ಬೀಳುವುದು ಹಿತ್ತಲಿನ ಗಾಜಿನ ಬಾಗಿಲ ಬಳಿ. ಅಲ್ಲಿದ್ದ ಚಪ್ಪಲಿ ಸ್ಟ್ಯಾಂಡು ಗ್ಯಾರೇಜಿಗೆ ಹೋಯಿತು. ಚಪ್ಪಲಿಯ ಪಕ್ಕ ತುಳಸಿ ಇಡುವುದುಂಟೇ? ಸೋಫಾ ಹಿಂದಕ್ಕೆ ಸರಿಯಿತು. "ಟೀವಿ ನೋಡೋಕೆ ಇನ್ಮೇಲೆ ಲಾಲ್‌ಬಾಗ್ ದಾಟ್ಕೊಂಡು ಹೋಗ್ಬೇಕು," ಎಂದು ನನ್ನ ಗಂಡ ಪ್ರತಿ ವರ್ಷ ಅದೇ ಜೋಕು ಹೇಳುತ್ತಾರೆ.

ನಮ್ಮ ಕಡೆ ಮುಟ್ಟಿನ ದಿನಗಳಲ್ಲಿ ತುಳಸಿಯನ್ನು ಮುಟ್ಟುವುದಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಮೇರಿಯಮ್ಮನ ಗವಿಯ ಮುಂದಿನ ಹೂಗಿಡಗಳಿಗೆ ನಾವು ಹುಡುಗಿಯರು ಸರದಿಯ ಮೇಲೆ ನೀರು ಹಾಕುತ್ತಿದ್ದೆವು. ಸಿಸ್ಟರ್ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಅಲ್ಲಿ ನೀರು ಹಾಕಿ, ಸಂಜೆ ಮನೆಯಲ್ಲಿ ಅಮ್ಮ ಹೇಳಿದಂತೆ ತುಳಸಿಕಟ್ಟೆಯಿಂದ ದೂರ ನಿಲ್ಲುತ್ತಿದ್ದೆ. ಎರಡರಲ್ಲಿ ಯಾವುದೂ ನನಗೆ ತಪ್ಪೆನಿಸಲಿಲ್ಲ. ಇಲ್ಲಿಗೆ ಬಂದ ಮೇಲೆ ಅಡುಗೆಮನೆಯ ಕಟ್ಟುಪಾಡು ತಾನಾಗಿ ಬಿಟ್ಟುಹೋಯಿತು, ಬೇಯಿಸಿ ಹಾಕಲು ಬೇರೆ ಯಾರಿದ್ದರು? ತುಳಸಿಯದೊಂದು ಉಳಿಯಿತು. ಏಕೆಂದು ಹೇಳಲಾರೆ. ಕೈ ಮುಂದೆ ಹೋಗುವುದಿಲ್ಲ, ಅಷ್ಟೆ.

ಹಾಗಾಗಿ ಆ ದಿನಗಳಲ್ಲಿ ನೀರು ಹಾಕುವುದು, ಕುಂಡವನ್ನು ಬೆಳಕಿಗೆ ತಿರುಗಿಸುವುದು ಮಗಳ ಪಾಲಿಗೆ ಬಂತು. ನಾನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಬೆಳಿಗ್ಗೆ ದೇವರ ದೀಪ ಹಚ್ಚಿಲ್ಲದ್ದನ್ನು ನೋಡಿ ಮೆಟ್ಟಿಲ ಮೇಲಿಂದಲೇ ಕೇಳುತ್ತಿದ್ದಳು: "ಅಮ್ಮಾ, ತುಳಸಿ ಡ್ಯೂಟಿನಾ?" ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ತುಳಸಿಯ ಮಾತು ಬಂದಾಗ ಮಾತ್ರ ಕನ್ನಡ.

ಅವಳು ಕಾಲೇಜಿಗೆಂದು ಕಾರಿನಲ್ಲಿ ಎರಡು ಗಂಟೆ ದೂರದ ಲಾಂಗ್ ಬೀಚ್‌ಗೆ ಹೋದ ವರ್ಷ ಬಿಸಿಲು ಬಹಳ ದಿನ ಉಳಿಯಿತು. ಒಳಗೆ ತಂದರೆ ಎಲೆ ಹಳದಿಯಾಗುತ್ತದೆಂದು ತುಳಸಿಯನ್ನು ಹೊರಗೇ ಬಿಟ್ಟಿದ್ದೆ. ಗಂಡ ಆಫೀಸಿನ ಕೆಲಸದ ಮೇಲೆ ಬೇರೆ ದೇಶದಲ್ಲಿದ್ದರು. ಒಂದು ಶನಿವಾರ ಬೆಳಿಗ್ಗೆ ನಾನು ಹೊರಗಾದೆ. ಅದೇ ಹೊತ್ತಿಗೆ, ರಾತ್ರಿ ಇಬ್ಬನಿ ಹೆಪ್ಪುಗಟ್ಟಬಹುದೆಂದು ಫೋನು ಎಚ್ಚರಿಸಿತು. ಪಕ್ಕದ ಮನೆಯವರ ಪರಿಚಯ ಕೈಬೀಸುವಷ್ಟೇ. ಹೂವಿನಷ್ಟು ಹಗುರಾದ ಕುಂಡವೊಂದನ್ನು ಎತ್ತಿಡಿ ಎಂದು ಅವರಿಗೆ ಹೇಗೆ ಹೇಳುವುದು? ಮಗಳಿಗೆ ಫೋನು ಮಾಡಿದೆ.

"ನೀನೇ ಇಟ್ಬಿಡಮ್ಮ. ಯಾರ್ ನೋಡ್ತಾರೆ ಅಲ್ಲಿ?"

"ಯಾರೋ ನೋಡ್ತಾರೆ ಅಂತಲ್ಲ ಪುಟ್ಟ. ನನ್ ಕೈಲಿ ಆಗಲ್ಲ."

"ಫೈನ್, ಬರ್ತೀನಿ," ಎಂದಳು.

ಮಧ್ಯಾಹ್ನ ಬಂದಳು. ಕಾರಿನ ಬೀಗದ ಕೈಯನ್ನು ಬಾಯಲ್ಲಿ ಕಚ್ಚಿಕೊಂಡೇ ಕುಂಡವನ್ನು ಎತ್ತಿ ತಂದು ಗಾಜಿನ ಬಾಗಿಲ ಬಳಿ ಇಟ್ಟು, ಅಂಗೈಯನ್ನು ಜೀನ್ಸಿಗೆ ಒರೆಸಿಕೊಂಡಳು. ಕೆಲಸ ಮುಗಿಯಿತು. ಆದರೆ ಹೊರಡಲಿಲ್ಲ. ಸಾರು ಅನ್ನ ಕಲಸಿಕೊಂಡು, ಬೆನ್ನನ್ನು ಗಾಜಿಗೆ ಕೊಟ್ಟು, ತುಳಸಿಯ ಪಕ್ಕ ನೆಲದ ಮೇಲೆ ಕುಳಿತಳು. ರೂಮ್‌ಮೇಟು ಪಾತ್ರೆ ತೊಳೆಯದಿರುವುದು, ಅರ್ಥವಾಗದ ಒಂದು ಕ್ಲಾಸು, ಮೆಸ್ಸಿನ ಸಪ್ಪೆ ಬೇಳೆ, ಹೀಗೆ ಏನೇನೋ ಹೇಳಿದಳು. ಹಪ್ಪಳ ಇನ್ನೊಂದು ಕೇಳಿದಳು. ಕತ್ತಲಾಗುವ ಮೊದಲು ಹೊರಟು, ಕಾರಿನ ಕಿಟಕಿ ಇಳಿಸಿ, "ಒಂದ್ ಗಿಡ ಎತ್ತಿಡೋಕೆ ಇಷ್ಟು ದೂರ ಡ್ರೈವ್ ಮಾಡಿದೆ ಅಂದ್ರೆ ಯಾರೂ ನಂಬಲ್ಲ," ಎಂದು ನಕ್ಕಳು.

ಮರುವರ್ಷವೂ ಚಳಿಯ ಸುದ್ದಿ ಬಂದಾಗ ಅವಳೇ ಕೇಳಿದಳು, ಬಂದಳು. ಆಮೇಲೆ ನನ್ನ ದಿನಗಳು ತಪ್ಪತೊಡಗಿದವು. ಕೊನೆಗೆ ನಿಂತೇ ಹೋದವು. ಇನ್ನು ಮುಟ್ಟಿನ ಕಾಟವಿಲ್ಲವೆಂದು ಡಾಕ್ಟರಮ್ಮ ಕೈಕುಲುಕುವಷ್ಟು ಖುಷಿಯಿಂದ ಹೇಳಿದರು. ಅಕ್ಕ ಫೋನಿನಲ್ಲಿ, ಒಂದು ಪೀಡೆ ಕಳೀತು ಬಿಡು, ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು.

ಈ ಸಲವೂ ಗಿಡಗಳು ಹೊರಗೇ ಇದ್ದವು. ನಾನು ಬೇಕೆಂದೇ ತಡಮಾಡಿದ್ದೆನೇ, ಗೊತ್ತಿಲ್ಲ. ಫೋನು ಎಚ್ಚರಿಸಿದ ದಿನ ಗಂಡ ಮಹಡಿಯಲ್ಲಿ ಮೀಟಿಂಗಿನಲ್ಲಿದ್ದರು. ನಾನು ಹಿತ್ತಲಿನಲ್ಲಿ ನಿಂತಿದ್ದಾಗ ಮಗಳ ಮೆಸೇಜು ಬಂತು: "ಫ್ರಾಸ್ಟ್ ಅಂತೆ. ತುಳಸಿ ಡ್ಯೂಟಿನಾ?"

ಹೌದು ಎಂದು ಬರೆದರೆ ಸಾಕಿತ್ತು. ಬೇಳೆ ನೆನೆಹಾಕಲು ಸಮಯವಿತ್ತು, ಹಪ್ಪಳವೂ ಇತ್ತು. ಬೆರಳು ಅಕ್ಷರಗಳ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಬರೆದೆ: "ಬೇಡ ಪುಟ್ಟ. ಇನ್ಮೇಲೆ ನಾನೇ ಮುಟ್ಟಬಹುದು. ಯಾವಾಗ್ಲೂ."

ಅವಳಿಗೆ ಅರ್ಥವಾಯಿತು. ಒಂದು ಕೆಂಪು ಹೃದಯ ಬಂತು, ಹಿಂದೆಯೇ, "ಫ್ರೀಡಂ ಅಮ್ಮ! ಥ್ಯಾಂಕ್ ಗಾಡ್, ನಾಳೆ ಎಕ್ಸಾಂ ಇದೆ."

ಚೆನ್ನಾಗಿ ಬರಿ ಎಂದು ಹಾರೈಸಿ ಫೋನು ಸೊಂಟಕ್ಕೆ ಸಿಕ್ಕಿಸಿದೆ. ತುಳಸಿಯನ್ನು ಎತ್ತಿಕೊಂಡೆ. ಮಣ್ಣು ಒಣಗಿತ್ತು, ಕುಂಡ ಇನ್ನೂ ಹಗುರಾಗಿತ್ತು. ಅದನ್ನು ಗಾಜಿನ ಬಾಗಿಲ ಬಳಿ ಇಟ್ಟು, ಬೆಳಕಿಗೆ ತಿರುಗಿಸಿ, ದೊಡ್ಡಪತ್ರೆಯನ್ನೂ ವೀಳ್ಯದೆಲೆಯ ಬಳ್ಳಿಯನ್ನೂ ತಂದೆ. ಹೊರಗೆ ಸಿಮೆಂಟಿನ ಮೇಲೆ ಕುಂಡಗಳಿದ್ದ ಕಡೆ ದುಂಡನೆಯ ಕಲೆಗಳು ಉಳಿದವು.

ಎಲ್ಲ ಮುಗಿದಾಗ ಇನ್ನೂ ಬಿಸಿಲಿತ್ತು, ಮಹಡಿಯಲ್ಲಿ ಮೀಟಿಂಗು ನಡೆದೇ ಇತ್ತು. ಅವಳು ಕುಳಿತಿದ್ದ ಜಾಗದಲ್ಲಿ ಬೆನ್ನನ್ನು ಗಾಜಿಗೆ ಕೊಟ್ಟು ಕುಳಿತು, ತುಳಸಿಯ ಒಂದು ಎಲೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದೆ. ಆಮೇಲೆ ಇನ್ನೊಂದು ಎಲೆ.